ಎಣ್ಣಿ, ನೀರು, ಕರುಳು

1

ರಾಯಚೂರು ಸೀಮೆಯ ಇತಿಹಾಸ ಅಂದ ಕೂಡಲೆ ನಮ್ಮ ಶಾಲೆಯ ಹುಡುಗರು 1520ರ ಕದನವನ್ನು ಒಪ್ಪಿಸುತ್ತಾರೆ. ಕೃಷ್ಣದೇವರಾಯ ಗೆದ್ದ, ಆದಿಲ್‌ಶಾಹ ಸೋತ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ನೂರಾರು ವರ್ಷ ರಾಜರು ಬಡಿದಾಡಿದ್ದು ನಿಜ. ಆದರೆ ಗೆದ್ದವನ ಕಾಲದಲ್ಲಿ ಕೇರಿಯವನು ಏನು ಉಂಡ, ಸೋತವನ ಕಾಲದಲ್ಲಿ ಯಾವ ನೀರು ಕುಡಿದ ಎಂಬುದು ಯಾವ ಪಾಠದಲ್ಲೂ ಇಲ್ಲ. ಹೊಟ್ಟೆಗೆ ಇತಿಹಾಸವಿಲ್ಲ ಎಂದು ಬರೆಯುವವರು ತಿಳಿದಿದ್ದರು. ನಮ್ಮವರಿಗೆ ಇದ್ದದ್ದೇ ಹೊಟ್ಟೆ.

ಆ ಹೊಟ್ಟೆಯ ಹಸಿವಿನ ಚರಿತ್ರೆಯನ್ನು ನಮ್ಮ ಕವಿಗಳು, ಕಥೆಗಾರರು ಬರೆದಿದ್ದಾರೆ. ಹಸಿವಿನ ಬೆನ್ನಿಗೇ ಬಂದ ಇನ್ನೊಂದು ಅಧ್ಯಾಯವಿದೆ. ಅದು ವಿಷದ ಅಧ್ಯಾಯ. ಒಂದೇ ಗುಟುಕಿಗೆ ಕೊಲ್ಲುವ ವಿಷವನ್ನು ಎಲ್ಲರೂ ಬಲ್ಲರು. ಅದಕ್ಕೆ ಪೊಲೀಸರಿದ್ದಾರೆ, ಪಂಚನಾಮೆ ಇದೆ. ನಾನು ಹೇಳುವುದು ಕೊಲ್ಲದೆ ಉಳಿಯುವ ವಿಷದ ಮಾತು. ಮಣ್ಣಿನಲ್ಲಿ ಹತ್ತಾರು ವರ್ಷ ಕೊಳೆಯದೆ, ಮೈಯ ಕೊಬ್ಬಿನಲ್ಲಿ ಕೂತು, ಕರುಳನ್ನು ದಿನಾ ಇಷ್ಟಿಷ್ಟೇ ಕೆರೆಯುವ ವಿಷದ ಮಾತು. ಅದಕ್ಕೆ ಪಂಚನಾಮೆ ಇಲ್ಲ. 'ಹೊಟ್ಟಿ ಉಬ್ಬರಿಸ್ತದ', 'ಹೊಟ್ಯಾಗ ಉರಿ ಬಿದ್ದಂಗ ಆಗ್ತದ', 'ಉಂಡದ್ದು ಮೈಗೆ ಹತ್ತವಲ್ದು' ಎನ್ನುವ ಮಾತುಗಳೇ ಅದರ ದಾಖಲೆ. ಈ ಮಾತುಗಳನ್ನು ಯಾರೂ ಬರೆದಿಡುವುದಿಲ್ಲ.

2

ನೀರಿಗೆ ಜಾತಿ ಇದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಈ ಮಾತನ್ನು ದೇಶದ ಮುಂದೆ ಇಡುವುದಕ್ಕೆ. ನಮ್ಮ ಸೀಮೆಯಲ್ಲೂ ಊರ ಬಾವಿ ಊರವರದು. ಕೇರಿಗೆ ಹಳ್ಳದ ವರತಿ, ದನ ಇಳಿಯುವ ಹೊಂಡ. ಮೇಲಿನವರು ಬಳಸಿ ಬಿಟ್ಟ ನೀರು ಕೆಳಗಿನವರ ಪಾಲಿಗೆ. ಈ ಕ್ರಮ ಕಾಲುವೆ ಬಂದ ಮೇಲೂ ಹೋಗಲಿಲ್ಲ. ಕಾಲುವೆ ಇದಕ್ಕೆ ಹೊಸ ದಾರಿ ಮಾಡಿಕೊಟ್ಟಿತು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲೂಕಿಗೆ ಬರುವಷ್ಟರಲ್ಲಿ ಅದು ಬಡವಾಗಿರುತ್ತದೆ. ಇದನ್ನು 'ಕೊನೆ ಭಾಗ' ಎನ್ನುತ್ತಾರೆ. ಮಂತ್ರಾಲಯದ ದಾರಿಯ ಯರಗೇರಾ ಇರುವುದು ಈ ತಾಲೂಕಿನಲ್ಲಿ. ಆಮೇಲೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ಜೋಳ, ನವಣಿ ಬೆಳೆಯುತ್ತಿದ್ದ ಭೂಮಿಗೆ ಭತ್ತ ಬಂತು, ಹತ್ತಿ ಬಂತು. ಆಂಧ್ರದ ರೈತರು ಬಂದು ಭೂಮಿ ಕೊಂಡು ಕ್ಯಾಂಪು ಕಟ್ಟಿದರು. ಭೂಮಿ ಇದ್ದವನಿಗೆ ಕಾಲುವೆ ಲಕ್ಷ್ಮಿಯಾಯಿತು. ಇಲ್ಲದವನಿಗೆ ಕೂಲಿಯಾಯಿತು.

ಕೊನೆ ಭಾಗ ಎಂದರೆ ನೀರು ಕಡಿಮೆ ಎಂದಷ್ಟೇ ಅರ್ಥವಲ್ಲ. ಮೇಲಿನ ಗದ್ದೆಗೆ ಸುರಿದ ಗೊಬ್ಬರ, ಹೊಡೆದ ಎಣ್ಣಿ, ಊರುಗಳ ಕೊಳೆ ಬಸಿದು ಹಳ್ಳಕ್ಕೆ ಇಳಿದು ಕೆಳಕ್ಕೆ ಬರುತ್ತವೆ. ಈ ಸೀಮೆಯ ಎಷ್ಟೋ ಹಳ್ಳಿಗಳಿಗೆ ಕುಡಿಯುವ ನೀರೂ ಕಾಲುವೆಯದೇ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು ಬೇಸಿಗೆ ಪೂರ್ತಿ ಅದನ್ನೇ ಕುಡಿಯಬೇಕು. ಹೊಲಕ್ಕೆ ಹೋದ ವಿಷವೂ ಗಂಟಲಿಗೆ ಹೋಗುವ ನೀರೂ ಒಂದೇ ಇಳಿಜಾರಿನಲ್ಲಿ ಹರಿಯುತ್ತವೆ.

3

ಈ ವಿಷಗಳಲ್ಲಿ ಮೊದಲು ಮನೆ ಹೊಕ್ಕದ್ದು ಡಿ.ಡಿ.ಟಿ. ಅದು ಕೀಟವನ್ನು ಕೊಲ್ಲುತ್ತದೆಂದು 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲ್ಲರ್ ಕಂಡುಹಿಡಿದ. 1948ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1954ರಲ್ಲಿ ಸರ್ಕಾರವೇ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕಂಪನಿ ಕಟ್ಟಿತು. 'ಮಲೇರಿಯಾದವರು' ಪಂಪು ಹೊತ್ತು ಬಂದು ಗೋಡೆಗೆ ಹೊಡೆದು ಹೋಗುತ್ತಿದ್ದರು. ಇದರ ಉಪಕಾರವನ್ನು ಮರೆಯಬಾರದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು. 1965ರ ಹೊತ್ತಿಗೆ ಅದು ಒಂದು ಲಕ್ಷಕ್ಕೆ ಇಳಿಯಿತು. ಉಳಿದ ಜೀವಗಳಲ್ಲಿ ಬಡವರ ಜೀವಗಳೇ ಹೆಚ್ಚು.

ಆದರೆ ವಿಷ ಗೋಡೆಯ ಮೇಲೆ ನಿಲ್ಲಲಿಲ್ಲ. ಹೊಲಕ್ಕೆ ಇಳಿಯಿತು. ಅದರ ಹಿಂದೆ ಬಿ.ಎಚ್.ಸಿ. ಪುಡಿ, ಎಂಡ್ರಿನ್, ಫಾಲಿಡಾಲ್ ಬಂದವು. 1958ರಲ್ಲಿ ಕೇರಳಕ್ಕೆ ಬಂದ ಗೋಧಿ ಹಿಟ್ಟಿನ ಜೊತೆ ಸಾಗಿಸಿದ್ದ ಫಾಲಿಡಾಲ್ ಸೋರಿ, ಆ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಕೀಟನಾಶಕಗಳಿಗೊಂದು ಕಾಯ್ದೆ ಬರಲು ಆಮೇಲೆ ಹತ್ತು ವರ್ಷ ಬೇಕಾಯಿತು: 1968. ನಡುವೆ 1962ರಲ್ಲಿ ಅಮೆರಿಕದ ರೇಚೆಲ್ ಕಾರ್ಸನ್ 'ಮೌನ ವಸಂತ' ಎಂಬ ಅರ್ಥದ ಹೆಸರಿನ ಪುಸ್ತಕ ಬರೆದು ಈ ವಿಷಗಳು ಕರಗುವುದಿಲ್ಲ, ಹುಳದಿಂದ ಹಕ್ಕಿಗೆ, ಹಕ್ಕಿಯಿಂದ ಹಕ್ಕಿಗೆ ಏರುತ್ತ ಹೋಗುತ್ತವೆ ಎಂದು ಎಚ್ಚರಿಸಿದ್ದಳು.

1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ.ಎಚ್. ಕಟರಕಿಯವರ ವರಲಕ್ಷ್ಮಿ ಹತ್ತಿ ಬಂತು. ಉದ್ದ ಎಳೆಯ ಒಳ್ಳೆಯ ಹತ್ತಿ. ರೈತರು ಕೈತುಂಬ ದುಡ್ಡು ಕಂಡರು. ಆದರೆ ಅದು ನಾಜೂಕಿನ ಬೆಳೆ, ಕಾಯಿಕೊರಕ ಹುಳಕ್ಕೆ ಸುಗ್ಗಿ. ಮೇಲಿಂದ ಮೇಲೆ ಎಣ್ಣಿ ಹೊಡೆಯದೆ ಕೈಗೆ ಬರುತ್ತಿರಲಿಲ್ಲ. ಹುಳ ಸಾಯುವುದನ್ನು ಬಿಟ್ಟಿತು, ಎಣ್ಣಿ ಹೆಚ್ಚಾಯಿತು. ಎಂಡೋಸಲ್ಫಾನ್ ಬಂತು. ಭತ್ತಕ್ಕೆ ಫೋರೇಟ್ ಗುಳಿಗೆ ಬಂತು.

ಹೆಸರುಗಳನ್ನು ನೋಡಿ. ಪುಸ್ತಕದಲ್ಲಿ ಇದು ಕೀಟನಾಶಕ. ಅಂಗಡಿಯಲ್ಲಿ ಇದು ಔಷಧ. ನಮ್ಮ ಬಾಯಲ್ಲಿ ಇದು ಎಣ್ಣಿ. ಒಗ್ಗರಣೆಗೆ ಹಾಕುವ ಮಾತನ್ನೇ ನಾವು ವಿಷಕ್ಕೆ ಕೊಟ್ಟೆವು. ಎಣ್ಣಿ ಹೊಡೆದ ಹತ್ತಿ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಗಳು ಬದುವಿನ ಮೇಲೆ ಕೂತು ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಾಳೆ. ಪುಂಡಿಪಲ್ಯ ಅದೇ ಬದುವಿನದು. ಎಣ್ಣಿ ಖಾಲಿಯಾದ ಡಬ್ಬಿ ಎಷ್ಟೋ ಮನೆಗಳಲ್ಲಿ ನೀರಿನ ಡಬ್ಬಿಯಾಗಿದೆ. ಪಂಪು ಹೊರುವ ಬೆನ್ನು ಯಾವ ಕೇರಿಯದು ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

4

ಇನ್ನು ಕರುಳಿನೊಳಕ್ಕೆ ಇಳಿಯೋಣ. ಶಾಲೆಯ ಮೇಷ್ಟ್ರು ಇದನ್ನು ಮಕ್ಕಳಿಗೆ ಹೇಳುವಂತೆಯೇ ಹೇಳುತ್ತೇನೆ.

ಸಣ್ಣ ಕರುಳಿನ ಒಳಗೋಡೆ ಟವೆಲ್ಲಿನ ಹಾಗೆ ಎಳೆ ಎಳೆಯಾಗಿದೆ. ಆ ಎಳೆಗಳ ಮೇಲಿನ ಹೊದಿಕೆ ಒಂದೇ ಜೀವಕೋಶದಷ್ಟು ದಪ್ಪ. ಆ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಸತ್ತು ಹೊಸದಾಗಿ ಹುಟ್ಟುತ್ತವೆ. ಅವುಗಳ ಮೇಲೆ ಲೋಳೆಯ ಪದರ. ಕರುಳಿನಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ನಮ್ಮ ಜೊತೆ ಒಕ್ಕಲು ಇವೆ. ಅನ್ನ ಒಳಕ್ಕೆ ಬಿಡಬೇಕು, ಹೊಲಸು ಹೊರಗೆ ತಡೆಯಬೇಕು. ಇಷ್ಟು ತೆಳುವಾದ ಗೋಡೆಗೆ ಇಷ್ಟು ದೊಡ್ಡ ಕೆಲಸ. ಗೋಡೆ ಸಡಿಲವಾದರೆ ಹೊಲಸು ಒಳಗೆ ನುಗ್ಗುತ್ತದೆ, ಮೈಯ ಕಾವಲು ಕೋಶಗಳು ಹೋರಾಟಕ್ಕೆ ನಿಲ್ಲುತ್ತವೆ. ಅದೇ ಉರಿಯೂತ. ಹೋರಾಟ ಮುಗಿಯದೆ ವರ್ಷಗಟ್ಟಲೆ ನಡೆದರೆ ಎಳೆಗಳು ಮೊಂಡಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ.

ಬಿಡದ ವಿಷಗಳಿಗೆ ಈ ಗೋಡೆ ಯಾಕೆ ಇಷ್ಟು ಸುಲಭವಾಗಿ ಸಿಗುತ್ತದೆ? ಡಿ.ಡಿ.ಟಿ. ಜಾತಿಯ ವಿಷ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಉಚ್ಚೆಯಲ್ಲಿ ತೊಳೆದು ಹೋಗುವುದಿಲ್ಲ. ಯಕೃತ್ತು ಅದನ್ನು ಪಿತ್ತರಸದ ಜೊತೆ ಕರುಳಿಗೆ ತಳ್ಳುತ್ತದೆ. ಅಲ್ಲಿ ಉಂಡ ಜಿಡ್ಡಿನ ಜೊತೆ ಸೇರಿ ಅದು ಮತ್ತೆ ಒಳಕ್ಕೆ ಬರುತ್ತದೆ. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಪ್ರತಿ ಸುತ್ತಿಗೂ ಕರುಳನ್ನು ಮುಟ್ಟಿಯೇ ಹೋಗುತ್ತದೆ. 1975ರಲ್ಲಿ ಅಮೆರಿಕದ ಹೋಪ್‌ವೆಲ್ ಎಂಬ ಊರಿನಲ್ಲಿ ಕೆಪೋನ್ ಎಂಬ ಇಂಥದೇ ಕೀಟನಾಶಕ ತಯಾರಿಸುವ ಕೂಲಿಗಳು ಕೈಕಾಲು ನಡುಗಿ ಬಿದ್ದರು. ವೈದ್ಯರು ಅವರಿಗೆ ಕರುಳಿನಲ್ಲೇ ವಿಷವನ್ನು ಹಿಡಿದು ಮಲದಲ್ಲಿ ಹೊರಹಾಕುವ ಪುಡಿ ಕೊಟ್ಟರು. ವಿಷ ಮೈಬಿಡುವ ವೇಗ ಸುಮಾರು ಎರಡು ಪಟ್ಟಾಯಿತು. ವಿಷದ ಸುತ್ತು ಕರುಳಿನ ಮೂಲಕವೇ ಎಂಬುದು ಹೀಗೆ ಕೂಲಿಗಳ ಮೈಮೇಲೆ ಸಾಬೀತಾಯಿತು.

ಇನ್ನೊಂದು ದಾರಿಯೂ ಇದೆ. ಕರುಳಿನ ಕೋಶಗಳಲ್ಲಿ ಒಂದು ಬೀಗವಿದೆ ಎಂದುಕೊಳ್ಳಿ. ಎಲೆಕೋಸು, ಸಾಸಿವೆ ಜಾತಿಯ ಸೊಪ್ಪಿನಿಂದ ಬರುವ ರಸಗಳು ಆ ಬೀಗದ ಕೀಲಿಕೈ. ತಿರುಗಿಸಿದಾಗ ಕಾವಲು ಕೋಶಗಳು ಎಚ್ಚರವಾಗಿರುತ್ತವೆ. ಸೊಪ್ಪಿನ ಅಂಶ ಇಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಈ ಕಾವಲು ಕೋಶಗಳು ಕಡಿಮೆಯಾದುದನ್ನು 2011ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಡಯಾಕ್ಸಿನ್ ಜಾತಿಯ ಬಿಡದ ವಿಷಗಳು ಅದೇ ಬೀಗಕ್ಕೆ ಹೊಕ್ಕು ಅಲ್ಲೇ ಸಿಕ್ಕಿಕೊಳ್ಳುತ್ತವೆ. 2015ರ ಒಂದು ಪ್ರಯೋಗದಲ್ಲಿ ಇಂಥ ವಿಷ ತಿಂದ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳ ಒಕ್ಕಲೇ ಬದಲಾಗಿ ಉರಿಯೂತ ಕಂಡಿತು.

5

'ಇಲಿಯ ಮಾತು ಬಿಡಿ, ಮನುಷ್ಯರದು ಹೇಳಿ' ಎನ್ನುವವರಿಗೆ ಮನುಷ್ಯರ ಸಾಕ್ಷಿಯೂ ಇದೆ.

ಅಮೆರಿಕದ ಪಾರ್ಕರ್ಸ್‌ಬರ್ಗ್ ಊರಿನ ಹತ್ತಿರ ಡ್ಯುಪಾಂಟ್ ಕಂಪನಿ ಟೆಫ್ಲಾನ್ ಮಾಡುತ್ತಿತ್ತು. ಅದಕ್ಕೆ ಬಳಸುವ ಸಿ-8 ಎಂಬ ಕರಗದ ರಾಸಾಯನಿಕ ಸುತ್ತಲಿನ ಕುಡಿಯುವ ನೀರಿಗೆ ಸೇರಿತು. ಜನ ಕೋರ್ಟಿಗೆ ಹೋದರು. ರಾಜಿಯಲ್ಲಿ ಬಂದ ಹಣದಿಂದ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. 2012ರಲ್ಲಿ ವಿಜ್ಞಾನಿಗಳ ಸಮಿತಿ ಈ ವಿಷಕ್ಕೆ ಸಂಬಂಧ ಇರಬಹುದೆಂದು ಹೇಳಿದ ಆರು ರೋಗಗಳಲ್ಲಿ ಒಂದು ದೊಡ್ಡ ಕರುಳಿನ ಹುಣ್ಣಿನ ಉರಿಯೂತ. ಅಮೆರಿಕದ್ದೇ ಅಯೋವಾ, ಉತ್ತರ ಕ್ಯಾರೊಲಿನಾ ರಾಜ್ಯಗಳಲ್ಲಿ ಕೀಟನಾಶಕ ಹೊಡೆಯುವವರು, ಅವರ ಗಂಡ ಹೆಂಡಿರು ಸೇರಿ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು 1990ರ ದಶಕದಿಂದ ಗಮನಿಸುತ್ತ ಬಂದಿದ್ದಾರೆ. ಕರುಳಿನ ಉರಿಯೂತ ರೋಗ ಹೆಚ್ಚಾಗಿ ಕಂಡದ್ದು ಯಾವುದನ್ನು ಬಳಸಿದವರಲ್ಲಿ? ಆ ಪಟ್ಟಿಯಲ್ಲಿ ಡಿ.ಡಿ.ಟಿ. ಇದೆ, ಫಾಲಿಡಾಲಿನೊಳಗಿನ ಪ್ಯಾರಾಥಿಯಾನ್ ಇದೆ, ಫೋರೇಟ್ ಇದೆ. ಇವೆಲ್ಲ ನಮ್ಮ ಹೊಲಗಳಿಗೆ ಪರಿಚಯದ ಹೆಸರುಗಳು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆ, ಒಬ್ಬೊಬ್ಬನ ರೋಗಕ್ಕೆ ಕಾರಣ ಇದೇ ಎಂದು ಬರೆದುಕೊಡುವುದಿಲ್ಲ. ಆದರೆ ವಿಚಾರಣೆ ನಡೆಸಲು ಇಷ್ಟು ಸಾಕ್ಷಿ ಸಾಲದೆ?

ಇಲ್ಲೊಂದು ಹಳೆಯ ಸುಳ್ಳನ್ನು ಹೊಡೆಯಬೇಕು. ನಮ್ಮವರ ಹೊಟ್ಟೆ ಕೆಟ್ಟರೆ 'ಅವರ ತಿನ್ನೋದು ಹಂಗ, ಅವರ ಜಾತಿ ಹಂಗ' ಎನ್ನುವ ಬಾಯಿಗಳಿವೆ. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್, ಮಾಥನ್ ಮೊದಲಾದ ವೈದ್ಯರು ದಕ್ಷಿಣ ಭಾರತದ ಜನರ ಕರುಳಿನ ಎಳೆಗಳು ಮೊಂಡಾಗಿರುವುದನ್ನು ಕಂಡರು. ಅದೇ ಕಾಲದಲ್ಲಿ ಆಗಿನ ಪಾಕಿಸ್ತಾನಕ್ಕೆ ಸೇವೆಗೆ ಬಂದ ಅಮೆರಿಕದ ಯುವಕರ ಕರುಳನ್ನೂ ಪರೀಕ್ಷಿಸಿದರು. ಅಲ್ಲಿಯ ನೀರು ಕುಡಿದು, ಅಲ್ಲಿಯ ಅನ್ನ ಉಂಡ ಆ ಬಿಳಿಯರ ಕರುಳೂ ಹಾಗೇ ಮೊಂಡಾಗಿತ್ತು. ಊರಿಗೆ ಹೋದ ಮೇಲೆ ಬರಬರುತ್ತ ಸರಿಹೋಯಿತು. ಅಂದಮೇಲೆ ರೋಗ ಹುಟ್ಟಿನಲ್ಲಿಲ್ಲ. ಬದುಕುವ ಜಾಗದಲ್ಲಿದೆ, ಕುಡಿಯುವ ನೀರಿನಲ್ಲಿದೆ. ಅವರಿಗೆ ಹೋಗಲು ಬೇರೆ ಊರಿತ್ತು. ಕೇರಿಯವನು ಎಲ್ಲಿಗೆ ಹೋಗಬೇಕು?

ಅಂದು ವೈದ್ಯರು ನೋಡಿದ್ದು ರೋಗಾಣುವಿನ ಹೊಲಸು. ಅದರ ಮೇಲೆ ಕರಗದ ವಿಷವೂ ಸೇರಿದರೆ? ಮೊದಲೇ ಸಡಿಲವಾದ ಗೋಡೆಗೆ ಎರಡನೆಯ ಪೆಟ್ಟು. ನಮ್ಮ ಕೂಲಿಕಾರರ ಹೊಟ್ಟೆಗೆ ಎರಡೂ ಒಂದೇ ಕೊಡದಲ್ಲಿ ಬರುತ್ತವೆ.

6

ಮೇಲಿನ ನೀರು ಕೆಟ್ಟಿತೆಂದು ಸರ್ಕಾರ ಬೋರು ಕೊರೆಸಿತು. ಆಳಕ್ಕೆ ಹೋದಂತೆ ಬೇರೆ ವಿಷ ಸಿಕ್ಕಿತು. ಈ ಸೀಮೆಯ ಕಲ್ಲಿನಲ್ಲಿ ಫ್ಲೋರೈಡ್ ಇದೆ. ಅದು ಹಲ್ಲು, ಎಲುಬು ಕೆಡಿಸುವುದು ಎಲ್ಲರಿಗೂ ಗೊತ್ತು. ಕರುಳನ್ನೂ ಕೆಡಿಸುತ್ತದೆ ಎಂಬುದು 1990ರ ದಶಕದಲ್ಲಿ ದಿಲ್ಲಿಯ ಡಾ. ಎ.ಕೆ. ಸುಶೀಲಾ ಮತ್ತು ಸಂಗಡಿಗರ ಕೆಲಸದಿಂದ ತಿಳಿಯಿತು. ಫ್ಲೋರೈಡ್ ನೀರು ಕುಡಿದವರ ಕರುಳಿನ ಸೂಕ್ಷ್ಮ ಎಳೆಗಳು ಉದುರಿಹೋಗಿದ್ದವು. ನೀರು ಬದಲಿಸಿದರೆ ಹೊಟ್ಟೆಯ ಬಾಧೆ ಬೇಗ ಇಳಿಯುತ್ತದೆ ಎಂದೂ ಅವರು ಕಂಡರು.

ಚಿನ್ನದ ಸೀಮೆಯ ಕಥೆ ಇನ್ನೂ ಘೋರ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ, ಸುರಪುರ ತಾಲೂಕಿನ ಮಂಗಳೂರಿನಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಎಂಬ ಪಾಷಾಣವೂ ಕಲ್ಲಿನಲ್ಲಿದೆ. ಚಿನ್ನ ತೆಗೆದುಕೊಂಡು ಹೋದರು, ಪಾಷಾಣದ ಮಣ್ಣು ಬಿಟ್ಟು ಹೋದರು. ಮಂಗಳೂರು ಗಣಿ ಸೀಮೆಯ ಕಿರದಳ್ಳಿ ತಾಂಡಾದ ಲಂಬಾಣಿಗರ ಕೈಕಾಲು ಗಂಟುಗಂಟಾಗಿ ಚರ್ಮ ಕಪ್ಪಾದ ಮೇಲೆ ವಿಜ್ಞಾನಿಗಳು ಬಂದರು. 2013ರಲ್ಲಿ ಅವರ ವರದಿ ಪ್ರಕಟವಾಯಿತು. 59 ಬೋರುಗಳ ನೀರಿನಲ್ಲಿ ನೂರಕ್ಕೆ 79ರಷ್ಟು ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿ ಮೀರಿದ್ದವು. ಒಂದರಲ್ಲಿ 303 ಇತ್ತು, ಮಿತಿಯ ಮೂವತ್ತು ಪಟ್ಟು. ಪರೀಕ್ಷೆ ಮಾಡಿದ 181 ಜನರಲ್ಲಿ ನೂರಕ್ಕೆ 58ಕ್ಕಿಂತ ಹೆಚ್ಚು ಮಂದಿಗೆ ಪಾಷಾಣದ ಚರ್ಮರೋಗ. ಚರ್ಮದ ಮೇಲಿನ ಗಂಟು ಕಣ್ಣಿಗೆ ಕಂಡಿತು, ಹಾಗಾಗಿ ಎಣಿಸಿದರು. ಪಾಷಾಣ ಮೊದಲು ಹಾದುಹೋಗುವುದು ಕರುಳನ್ನೇ. ನೀರಿನಲ್ಲಿ ಆರ್ಸೆನಿಕ್ ಕುಡಿಸಿದ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳು ನಾಲ್ಕೇ ವಾರದಲ್ಲಿ ಬದಲಾದುದನ್ನು 2014ರಲ್ಲಿ ತೋರಿಸಿದ್ದಾರೆ. ಕರುಳಿನ ಗಾಯ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಣಿಸುವುದಿಲ್ಲ.

7

ಕಾಯ್ದೆಗಳು ಬಂದವು, ತಡವಾಗಿ ಬಂದವು. ಡಿ.ಡಿ.ಟಿ.ಯನ್ನು ಹೊಲಕ್ಕೆ ಹಾಕಬಾರದೆಂದು 1989ರಲ್ಲಿ, ಬಿ.ಎಚ್.ಸಿ. ಬೇಡವೆಂದು 1997ರಲ್ಲಿ ಆಜ್ಞೆಯಾಯಿತು. ನಡುವೆ 1993ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 12 ರಾಜ್ಯಗಳ 2,205 ಹಾಲಿನ ಮಾದರಿ ಪರೀಕ್ಷಿಸಿದರೆ ನೂರಕ್ಕೆ 82ರಲ್ಲಿ ಡಿ.ಡಿ.ಟಿ. ಇತ್ತು. ನಿಷೇಧವಾಗಿ ನಾಲ್ಕು ವರ್ಷವಾದರೂ ಹಸು ಎಮ್ಮೆಗಳಿಗೆ ಸುದ್ದಿ ಮುಟ್ಟಿರಲಿಲ್ಲ! 2001ರಲ್ಲಿ ಸ್ಟಾಕ್‌ಹೋಮಿನಲ್ಲಿ ಲೋಕದ ದೇಶಗಳು ಸೇರಿ ಹನ್ನೆರಡು ಬಿಡದ ವಿಷಗಳ ಪಟ್ಟಿ ಮಾಡಿದವು. 2006ರಲ್ಲಿ ಭಾರತ ಒಪ್ಪಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಲ್ಲಿಸಿತು. ಫೋರೇಟ್ ನಿಂತದ್ದು 2020ರ ಕೊನೆಗೆ.

ಎಂಡೋಸಲ್ಫಾನ್ ತಾನಾಗಿ ನಿಲ್ಲಲಿಲ್ಲ. ಕಾಸರಗೋಡಿನಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ರೋಗದಲ್ಲಿ ಏನೋ ವಿಪರೀತ ಇದೆ ಎಂದು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಜನ ಬೀದಿಗೆ, ಕೋರ್ಟಿಗೆ ಹೋದರು. ಎಲ್ಲ ಶುರುವಾದದ್ದು ಒಬ್ಬರು ಕಣ್ಣಿಟ್ಟು ಎಣಿಸಿದ್ದರಿಂದ.

ಎಣಿಕೆ ಎಂದರೆ ಕೂಗಾಟವಲ್ಲ ಎಂಬುದಕ್ಕೆ ಹಂದಿಗೋಡಿನ ಪಾಠವೂ ನೆನಪಿರಲಿ. 1975ರ ಹೊತ್ತಿಗೆ ಸಾಗರ ತಾಲೂಕಿನ ಆ ಊರಿನ ದಲಿತ ಕೂಲಿಕಾರರ ಸೊಂಟದ ಕೀಲು ಸವೆದು ಅವರು ನಡೆಯಲಾರದಾದರು. ವಿಷ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂದು ಬಹಳ ಜನ ನಂಬಿದ್ದರು. ಮುಂದೆ ಸಂಶೋಧನೆ ಅದನ್ನು ವಂಶದಲ್ಲಿ ಹರಿದು ಬರುವ ರೋಗ ಎಂದಿತು. ಸಂಶಯ ಪಡುವುದು ನಮ್ಮ ಹಕ್ಕು. ಪರೀಕ್ಷೆ ಮಾಡಿಸುವುದು ನಮ್ಮ ಹೊಣೆ. ಎರಡರಲ್ಲಿ ಒಂದನ್ನು ಬಿಟ್ಟರೂ ಲಾಭ ಎದುರಾಳಿಗೇ.

8

2022ರ ಮೇ ತಿಂಗಳ ಕೊನೆಗೆ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ನೂರಾರು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಸತ್ತರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗದ ಕಡೆಯ ರೇಕಲಮರಡಿಯಲ್ಲಿ ಅದೇ ಕಥೆ, ಒಂದು ಮಗು ಹೋಯಿತು. ಆಗ ಮಂತ್ರಿಗಳು ಬಂದರು, ಪರಿಹಾರ ಬಂತು, ತನಿಖೆ ಬಂತು. ಮೂರು ದಿನದಲ್ಲಿ ಕೊಲ್ಲುವ ನೀರಿಗೆ ಸುದ್ದಿಯ ಬೆಲೆ ಇದೆ. ಮೂವತ್ತು ವರ್ಷದಲ್ಲಿ ಕೊಲ್ಲುವ ನೀರಿಗೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೇಷ್ಟ್ರುಗಳೇ, 2002ರಿಂದ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟ ಬೇಯುತ್ತಿದೆ. ಅದು ಬೇಯುವುದು ಯಾವ ಬೋರಿನ ನೀರಿನಲ್ಲಿ, ಆ ನೀರಿನ ಪರೀಕ್ಷೆ ಯಾವಾಗ ಆಯಿತು, ಫ್ಲೋರೈಡ್ ಎಷ್ಟು, ಆರ್ಸೆನಿಕ್ ಎಷ್ಟು ಎಂದು ಪಂಚಾಯತಿಯನ್ನು ಕೇಳಿ. ಹೇಳದಿದ್ದರೆ 2005ರ ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ. ಬಂದ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ಬರೆಯಿರಿ. ಸಂಘಟನೆಯ ಗೆಳೆಯರೇ, ಊರ ನೀರು ಮತ್ತು ಕೇರಿಯ ನೀರು ಎರಡನ್ನೂ ಬೇರೆ ಬೇರೆ ಶೀಸೆಯಲ್ಲಿ ಪರೀಕ್ಷೆಗೆ ಕಳಿಸಿ. ವ್ಯತ್ಯಾಸ ಇದ್ದರೆ ಅದಕ್ಕಿಂತ ದೊಡ್ಡ ಭಾಷಣ ಬೇಕಾಗಿಲ್ಲ.

ವಿದ್ಯಾರ್ಥಿಗಳೇ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಯಲ್ಲಿ ಉಳಿದ ಕೀಟನಾಶಕ ಅಳೆಯುವ ಪ್ರಯೋಗಾಲಯ ಇದೆ. ಯರಗೇರಾದಲ್ಲೇ ಈಗ ಒಂದು ವಿಶ್ವವಿದ್ಯಾಲಯ ಇದೆ. ಅಲ್ಲಿಗೆ ಓದಲು ಬರುವ ಎಷ್ಟೋ ಹುಡುಗ ಹುಡುಗಿಯರು ಎಣ್ಣಿ ಹೊಡೆದವರ, ಕಸ ತೆಗೆದವರ ಮಕ್ಕಳು. ಇತಿಹಾಸ ವಿಭಾಗದವರು ಕೋಟೆಯ ಶಾಸನ ಓದಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಒಂದು ಪಟ್ಟಿಯನ್ನೂ ಹಿಡಿದು ತಮ್ಮ ಕೇರಿಗೆ ಹೋಗಲಿ. ಯಾವ ವರ್ಷ ಯಾವ ಎಣ್ಣಿ ಬಂತು? ಪಂಪು ಹೊತ್ತವರು ಯಾರು? ನೀರು ಎಲ್ಲಿಂದ ತಂದರು? ಹೊಟ್ಟೆ ಯಾವಾಗಿನಿಂದ ಕೆಟ್ಟಿತು? ಅವ್ವನನ್ನು, ಚಿಗವ್ವನನ್ನು, ಮುತ್ಯಾನನ್ನು ಕೂಡಿಸಿಕೊಂಡು ಕೇಳಲಿ, ದಿನಾಂಕ ಹಾಕಿ ಬರೆದುಕೊಳ್ಳಲಿ. ವಿಜ್ಞಾನ ವಿಭಾಗದವರು ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೀರು ಅಳೆಯಲಿ.

ಮುತ್ಯಾಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಹೊಟ್ಟೆಯೊಳಗಿನ ಲೆಕ್ಕವೂ ಅವರ ಜೊತೆಗೇ ಮಣ್ಣಿಗೆ ಹೋಗುತ್ತಿದೆ. ಈ ಬೇಸಿಗೆಯ ರಜೆಯಲ್ಲೇ ಶುರುವಾಗಲಿ.